ಹಳೇ ಪೆಟ್ರೋಲ್ ವ್ಯಾಗನ್‌ಆರ್‌ಗೆ ಸಿಎನ್‌ಜಿ ಕಿಟ್ ಹಾಕ್ಸಿದ್ರೆ ದುಡ್ಡು ವಾಪಸ್ ಬರುತ್ತಾ? ಇಲ್ಲ ಎಲ್‌ಪಿಜಿನೇ ವಾಸಿನಾ?

ನೈಸ್‌ರೋಡ್_ಗಿರಾಕಿ:
ಎಲ್ರಿಗೂ ನಮಸ್ಕಾರ. ನಂದು 2014ರ ವ್ಯಾಗನ್‌ಆರ್, ಪೆಟ್ರೋಲ್, ಕೆಎ 41 ಗಾಡಿ, ಫಸ್ಟ್ ಓನರ್ ನಾನೇ. ಕಂಡೀಷನ್ ಚೆನ್ನಾಗೇ ಇದೆ, ಹೋದ್ವರ್ಷ ಕ್ಲಚ್ ಮಾಡ್ಸಿದ್ದು ಬಿಟ್ರೆ ದೊಡ್ಡ ಖರ್ಚು ಬಂದಿಲ್ಲ. ಮನೆ ಆರ್‌ಆರ್ ನಗರ, ಆಫೀಸ್ ಎಲೆಕ್ಟ್ರಾನಿಕ್ ಸಿಟಿ. ಮೊದಲು ಮನೇಲೇ ಕೆಲಸ ಇತ್ತು, ಈಗ ವಾರದಲ್ಲಿ ಮೂರ್ನಾಲ್ಕು ದಿನ ಬರ್ಲೇಬೇಕು ಅಂತಿದಾರೆ, ನೈಸ್ ರೋಡಲ್ಲಿ ಹೋದ್ರೆ ಟೋಲ್ ಕೊಡ್ಬೇಕು, ಒಳಗಡೆ ಹೋದ್ರೆ ಸಿಲ್ಕ್‌ಬೋರ್ಡಲ್ಲಿ ನಿಂತು ಪೆಟ್ರೋಲ್ ಸುಡ್ಬೇಕು, ಹೆಂಗೂ ಜೇಬಿಗೆ ಕತ್ರಿ. ಅದರ ಜೊತೆಗೆ ತಿಂಗಳಿಗೊಂದ್ಸಲ ಚನ್ನರಾಯಪಟ್ಟಣಕ್ಕೆ ಹೋಗ್ಬೇಕು, ಅಪ್ಪ ಅಮ್ಮ ಇಬ್ರೇ ಇದಾರೆ ಊರಲ್ಲಿ. ಎಲ್ಲಾ ಸೇರಿ ತಿಂಗಳಿಗೆ ಸಾವಿರ ಕಿಲೋಮೀಟರ್ ಆಚೀಚೆ ಆಗುತ್ತೆ. ಸಿಟೀಲಿ 14 ಕೊಡುತ್ತೆ ಗಾಡಿ, ಪೆಟ್ರೋಲ್ 103ರ ಹತ್ರ ಇದೆ.

ಹೊಸ ಗಾಡಿ ತಗೊಳೋ ಯೋಚ್ನೆ ಸದ್ಯಕ್ಕಿಲ್ಲ. ಒಬ್ರು ಸಿಎನ್‌ಜಿ ಸೀಕ್ವೆನ್ಷಿಯಲ್ ಕಿಟ್‌ಗೆ 65 ಸಾವಿರ ಹೇಳಿದ್ರು, ಇನ್ನೊಬ್ರು 40ಕ್ಕೆ ಮಾಡ್ಕೊಡ್ತೀನಿ ಬನ್ನಿ ಸಾರ್ ಅಂದ್ರು, ಎರಡಕ್ಕೂ ಏನ್ ವ್ಯತ್ಯಾಸ ಅಂತ ಕೇಳಿದ್ರೆ ಸರಿಯಾಗಿ ಹೇಳಲ್ಲ. ಇದರ ಮಧ್ಯೆ ನಮ್ ಭಾವ ವಾಟ್ಸಾಪಲ್ಲಿ ಒಂದು ವಿಡಿಯೋ ಕಳ್ಸಿ, ನೀರಿಂದ ಗ್ಯಾಸ್ ಮಾಡೋ ಕಿಟ್ ಬಂದಿದೆ, ಹತ್ತು ಸಾವಿರದಲ್ಲಿ ಮುಗಿಯುತ್ತೆ ಅಂತ ದಿನಾ ತಲೆ ತಿಂತಿದಾರೆ. ಹಾಕ್ಸಿರೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ. ಡಿಕ್ಕಿ ಜಾಗ ಹೋಗುತ್ತೆ ಅನ್ನೋದು ಗೊತ್ತು, ಅದಕ್ಕೆ ಮನೇಲಿ ಆಗ್ಲೇ ಜಗಳ ಆಗಿದೆ.

ಯೆಲ್ಲೋಬೋರ್ಡ್:
ಸಾರ್ ನಾನು ಕ್ಯಾಬ್ ಓಡ್ಸೋನು, ನಂದು ಕಂಪ್ನಿ ಸಿಎನ್‌ಜಿ. ಕಿಟ್ ಬಗ್ಗೆ ಗ್ಯಾರೇಜ್ನೋರು ಹೇಳ್ತಾರೆ, ನಾನು ಬಂಕ್ ಬಗ್ಗೆ ಹೇಳ್ತೀನಿ. ಕಿಟ್ ಹಾಕ್ಸೋಕ್ ಮುಂಚೆ ನಿಮ್ ದಾರೀಲಿ ಬಂಕ್ ಎಲ್ಲೆಲ್ಲಿದೆ, ನೀವು ಹೋಗೋ ಟೈಮಲ್ಲಿ ಅಲ್ಲಿ ಎಷ್ಟು ಗಾಡಿ ನಿಂತಿರುತ್ತೆ ಅನ್ನೋದನ್ನ ಒಂದ್ ವಾರ ಕಣ್ಣಾರೆ ನೋಡಿ. ಮ್ಯಾಪಲ್ಲಿ ತೋರ್ಸೋದು ಬೇರೆ, ಅಲ್ಲಿ ಗ್ಯಾಸ್ ಇರೋದು ಬೇರೆ. ಬೆಂಗಳೂರಲ್ಲಿ ಗೇಲ್ ಗ್ಯಾಸ್‌ನೋರದ್ದು ಸಪ್ಲೈ, ಕೆಲವು ಬಂಕ್‌ಗೆ ಪೈಪ್‌ಲೈನಲ್ಲೇ ಬರುತ್ತೆ, ಕೆಲವಕ್ಕೆ ಸಿಲಿಂಡರ್ ಜೋಡಿಸಿರೋ ಲಾರೀಲಿ ತಂದು ಕೊಡ್ತಾರೆ. ಲಾರಿ ಬರೋ ಬಂಕಲ್ಲಿ ಸಾಯಂಕಾಲ ಹೊತ್ತು ಪ್ರೆಷರ್ ಇಳಿದು ಹೋಗಿರುತ್ತೆ. 200 ಬಾರ್ ಬರ್ಬೇಕು, 160ಕ್ಕೇ ಕಟ್ ಆಗುತ್ತೆ, ಅರ್ಧ ಗಂಟೆ ಕ್ಯೂ ನಿಂತು ಆರು ಕೆಜಿ ಹಾಕ್ಸ್ಕೊಂಡು ಬರ್ಬೇಕು. 60 ಲೀಟರ್ ಸಿಲಿಂಡರ್ ಅಂತಾರಲ್ಲ, ಅದು ನೀರು ಹಿಡಿಯೋ ಲೆಕ್ಕ, ಗ್ಯಾಸ್ ಫುಲ್ ಆದ್ರೂ ಎಂಟು ಒಂಬತ್ತು ಕೆಜಿ ಅಷ್ಟೇ. ಬೆಳಗಿನ ಜಾವ ಹೋದ್ರೆ ತಣ್ಣಗಿರುತ್ತೆ, ಪ್ರೆಷರೂ ಇರುತ್ತೆ, ಎರಡು ನಿಮಿಷ ಕೆಲಸ.

ಇನ್ನೊಂದು, ಗ್ಯಾಸ್ ಹಾಕುವಾಗ ಗಾಡಿಯಿಂದ ಎಲ್ರೂ ಇಳೀಬೇಕು. ಮಳೇಲಿ ಮಗು ಎತ್ಕೊಂಡು ನಿಲ್ಲೋದಕ್ಕೆ ನಿಮ್ ಮನೆಯೋರು ರೆಡಿ ಇದಾರಾ ಕೇಳ್ಕೊಳಿ ಮೊದ್ಲು 😀

ಹುಬ್ಳಿಯಾಂವ:
ಎಲ್‌ಪಿಜಿ ಬಗ್ಗೆ ಯಾರೂ ಬರ್ಯಲಿಲ್ಲ ಅಂತ ನಾ ಬರ್ಯಾಕತ್ತೀನಿ. ನನ್ನ ಗಾಡಿಗೆ ಎಲ್‌ಪಿಜಿ ಐತ್ರಿ, ಭಾಳ ವರ್ಷಾತು ಹಾಕ್ಸಿ. ಬೆಂಗಳೂರಾಗ ಆಟೋದಾವ್ರೆಲ್ಲಾ ಅದರ ಮ್ಯಾಲೇ ಅದಾರ, ಹಿಂಗಾಗಿ ಬಂಕಿಗೆ ತ್ರಾಸ ಇಲ್ಲ. ಪ್ರೆಷರ್ ಕಡಿಮಿ ಇರತೈತಿ, ಎಂಟು ಹತ್ತು ಬಾರ್, ಸಿಎನ್‌ಜಿ ಹಂಗ 200 ಅಲ್ಲ, ಅದಕ್ಕ ಟ್ಯಾಂಕ್ ಹಗುರ. ಟೈರಿನ ಆಕಾರದ ಟ್ಯಾಂಕ್ ಸಿಗತೈತಿ, ಸ್ಟೆಪ್ನಿ ಇಡೋ ತೆಗ್ಗಿನ್ಯಾಗ ಕುಂಡ್ರತೈತಿ, ಡಿಕ್ಕಿ ಡಿಕ್ಕಿಯಾಗೇ ಉಳೀತೈತಿ. ನಿಮ್ಮ ಮನ್ಯಾಗಿನ ಜಗಳಕ್ಕ ಇದು ಛಲೋ ಔಷಧ. ಸ್ಟೆಪ್ನಿ ಎಲ್ಲಿ ಇಡ್ತೀರಿ ಅನ್ನೋದು ಮಾತ್ರ ಬ್ಯಾರೆ ಪ್ರಶ್ನೆ ಮತ್ತ.

ಟ್ಯಾಂಕ್ 80 ಪರ್ಸೆಂಟ್ ಆದ್ ಕೂಡ್ಲೆ ವಾಲ್ವ್ ತಾನೇ ಬಂದ್ ಆಗ್ಬೇಕ್ರಿ, ಯಾಕಂದ್ರ ಬಿಸಿಲಿಗೆ ಒಳಗಿನ ದ್ರವ ಉಬ್ಬತೈತಿ, ಜಾಗ ಬೇಕು ಅದಕ್ಕ. ಆ ವಾಲ್ವ್ ಇಲ್ಲದ ಟ್ಯಾಂಕ್ ಯಾರರೆ ಕೊಟ್ರ ತಗೋಬ್ಯಾಡ್ರಿ. ಲೀಟರ್‌ಗೆ ಮೈಲೇಜ್ ಪೆಟ್ರೋಲ್‌ಕಿಂತ ಕಡಿಮಿ ಬರತೈತಿ, ಐದನೇ ಒಂದು ಭಾಗ ಹೋತು ಅಂತ ಹಿಡಕೊಂಡು ಲೆಕ್ಕ ಹಾಕ್ರಿ. ಮತ್ತ ಒಂದು ಮಾತು, ಮನಿ ಅಡಗಿ ಸಿಲಿಂಡರ್‌ನಿಂದ ಪಂಪ್ ಹಚ್ಚಿ ತುಂಬಿ ಕೊಡೋರು ಇನ್ನೂ ಅದಾರ, ಆ ಕಡೆ ತಲಿ ಹಾಕಿ ಮಲ್ಕೋಬ್ಯಾಡ್ರಿ, ಅಪರಾಧನೂ ಹೌದು, ಜೀವಕ್ಕೂ ಕುತ್ತು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರ ನೆಲಕ್ಕ ಹರ್ಕೊಂಡು ಬೇಸ್‌ಮೆಂಟಿನ್ಯಾಗ ನಿಂದರತೈತಿ. ಸಿಎನ್‌ಜಿ ಹಗುರ, ಮ್ಯಾಲೆ ಹಾರಿ ಹೋಕ್ಕೈತಿ. ನಮ್ಮ ಅಪಾರ್ಟ್‌ಮೆಂಟಿನ್ಯಾಗ ಇದಕ್ಕ ಅಸೋಸಿಯೇಷನ್‌ದಾವ್ರು ಬೇಸ್‌ಮೆಂಟ್ ಬ್ಯಾಡ, ಹೊರಗ ನಿಲ್ಲಸ್ರಿ ಅಂದ್ರು. ಅವರು ಹೇಳಿದ್ದೂ ಸುಳ್ಳಲ್ಲ ಬಿಡ್ರಿ.

ಸ್ಪ್ಯಾನರ್_12:
ಗ್ಯಾರೇಜ್ ನಂದು, ಗ್ಯಾಸ್ ಗಾಡಿ ಕೆಲಸ ಮಾಡ್ತೀನಿ, ಆದ್ರೆ ಕಿಟ್ ಮಾರಲ್ಲ, ಹಂಗಾಗಿ ನಂಗೆ ಲಾಭ ಏನಿಲ್ಲ ಅಂತ ಮೊದ್ಲೇ ಹೇಳ್ಬಿಡ್ತೀನಿ.

40 ಸಾವಿರದ್ದು ಹಳೇ ವೆಂಚುರಿ ಟೈಪ್ ಕಿಟ್ ಇರ್ಬೇಕು. ಅದರಲ್ಲಿ ಏರ್‌ಫಿಲ್ಟರ್ ಆದ್ಮೇಲೆ ಗಾಳಿ ಹೋಗೋ ದಾರೀಲಿ ಒಂದು ಮಿಕ್ಸರ್ ಕೂರಿಸ್ತಾರೆ, ಇಂಜಿನ್ ಎಳ್ಕೊಂಡಷ್ಟು ಗ್ಯಾಸ್ ಹೋಗುತ್ತೆ. ಕಾರ್ಬುರೇಟರ್ ಕಾಲದ ಗಾಡಿಗೆ ಅದು ಸರಿ ಇತ್ತು. ನಿಮ್ದು ಎಂಪಿಎಫ್‌ಐ, ಅಂದ್ರೆ ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಬಿಡೋ ಇಂಜಿನ್, ಇನ್‌ಟೇಕ್ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಹಂಚೋ ಪೈಪ್) ತುಂಬಾ ಗ್ಯಾಸ್ ತುಂಬ್ಕೊಂಡಿರುವಾಗ ಒಂದು ಪ್ಲಗ್ ವೀಕ್ ಆಗಿ ಮಿಸ್‌ಫೈರ್ ಆದ್ರೆ ಹಿಂದಕ್ಕೆ ಬೆಂಕಿ ಹೊಡ್ದು ಏರ್‌ಫಿಲ್ಟರ್ ಬಾಕ್ಸೇ ಒಡ್ದೋಗುತ್ತೆ, ಢಬ್ ಅಂತ ಸೌಂಡ್ ಬಂದ್ರೆ ಓಡ್ಸೋರ ಎದೆನೂ ಒಡ್ದಂಗಾಗುತ್ತೆ. ಸೀಕ್ವೆನ್ಷಿಯಲ್‌ನಲ್ಲಿ ಇಂಜಿನ್ನಿನ ಒಂದೊಂದು ಸಿಲಿಂಡರ್‌ಗೂ ಬೇರೆ ಗ್ಯಾಸ್ ಇಂಜೆಕ್ಟರ್, ಕಾರಿನ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಪೆಟ್ರೋಲ್ ಇಂಜೆಕ್ಟರ್‌ಗೆ ಕೊಡೋ ಸಿಗ್ನಲ್‌ನೇ ಗ್ಯಾಸ್ ಇಸಿಯು ಓದ್ಕೊಂಡು ಅದರ ಟೈಮಿಗೆ ಸರಿಯಾಗಿ ಗ್ಯಾಸ್ ಬಿಡುತ್ತೆ. 65 ಸಾವಿರ ಅದಕ್ಕೆ ಕೊಡೋದು. ಮೂರೇ ಸಿಲಿಂಡರ್ ಇಂಜಿನ್ನು, ಒಂದು ಸರಿಯಾಗಿ ಉರೀಲಿಲ್ಲ ಅಂದ್ರೂ ಗಾಡಿ ನಡುಗೋದು ಸೀಟಲ್ಲೇ ಗೊತ್ತಾಗುತ್ತೆ, ಉಳಿಸೋಕೆ ಹೋಗ್ಬೇಡಿ.

ಆದ್ರೆ ಕಿಟ್ ಯಾವ್ದು ಅನ್ನೋದಕ್ಕಿಂತ ಕೂರ್ಸೋನು ಯಾರು ಅನ್ನೋದು ಮುಖ್ಯ ಗುರು. ಗ್ಯಾಸ್ ಒಳಗೆ ಬಿಡೋಕೆ ಮ್ಯಾನಿಫೋಲ್ಡ್‌ಗೆ ತೂತು ಹಾಕಿ ನಾಝಲ್ ಕೂರಿಸ್ಬೇಕು. ಒಳ್ಳೇ ಫಿಟರ್ ಮ್ಯಾನಿಫೋಲ್ಡ್ ಪೂರ್ತಿ ಬಿಚ್ಚಿ, ಹೊರಗೆ ಟೇಬಲ್ ಮೇಲಿಟ್ಟು ಡ್ರಿಲ್ ಮಾಡಿ, ಗಾಳಿ ಹೊಡ್ದು ಕ್ಲೀನ್ ಮಾಡಿ ವಾಪಸ್ ಹಾಕ್ತಾನೆ. ಸೋಂಬೇರಿ ಫಿಟರ್ ಗಾಡಿ ಮೇಲೇನೇ ಡ್ರಿಲ್ ಇಡ್ತಾನೆ, ಬಿಟ್‌ಗೆ ಸ್ವಲ್ಪ ಗ್ರೀಸ್ ಹಚ್ಚಿದೀನಿ ಚೂರು ಒಳಗೆ ಬೀಳಲ್ಲ ಅಂತಾನೆ. ಬೀಳುತ್ತೆ. ನೀವು ಅಲ್ಲೇ ನಿಂತ್ಕೊಂಡು ಬಿಚ್ಚಿ ಮಾಡಪ್ಪ ಅನ್ನಿ, ಮುಖ ಗಂಟು ಹಾಕ್ಕೊಂಡ್ರೆ ಕೀ ಇಸ್ಕೊಂಡು ಬನ್ನಿ. ವೈರಿಂಗ್ ಕೂಡ ಅಷ್ಟೇ, ಇಂಜೆಕ್ಟರ್ ವೈರ್ ಕತ್ತರಿಸಿ ಕೈಯಲ್ಲಿ ತಿರುಚಿ ಟೇಪ್ ಸುತ್ತಿ ಬಿಟ್ಟಿದ್ರೆ ಎರಡು ಮಳೆಗಾಲದಲ್ಲಿ ಪಚ್ಚೆ ಹಿಡಿಯುತ್ತೆ, ಆಮೇಲೆ ಒಂದ್ ದಿನ ಚೆಕ್ ಇಂಜಿನ್ ಲೈಟು, ಒಂದ್ ದಿನ ಇಲ್ಲ. ಸೋಲ್ಡರ್ ಮಾಡಿ ಸ್ಲೀವ್ ಹಾಕ್ಬೇಕು.

ಕಿಟ್‌ಗೆ ಮುಂಚೆ ಕಂಪ್ರೆಷನ್ ಚೆಕ್ ಮಾಡ್ಸಿ, ಪ್ಲಗ್ ಹೊಸದು ಹಾಕ್ಸಿ, ಇಗ್ನಿಷನ್ ಕಾಯಿಲ್ ನೋಡ್ಸಿ, ಟ್ಯಾಪೆಟ್ ಗ್ಯಾಪ್ ನೋಡ್ಸಿ. ಗ್ಯಾಸ್‌ಗೆ ಕಿಡಿ ಜೋರಾಗಿ ಬೇಕು, ಪೆಟ್ರೋಲಲ್ಲಿ ಮುಚ್ಚಿಹೋಗಿರೋ ಖಾಯಿಲೆಗಳೆಲ್ಲ ಗ್ಯಾಸಲ್ಲಿ ಹೊರಗೆ ಬರುತ್ತೆ, ಆಮೇಲೆ ಜನ ಕಿಟ್ ಸರಿ ಇಲ್ಲ ಅಂತಾರೆ. ಪಿಕಪ್ ಹತ್ತು ಪರ್ಸೆಂಟ್ ಕಮ್ಮಿ ಆಗೋದಂತೂ ನಿಜ, ಗಾಳಿ ಹೋಗ್ಬೇಕಾದ ಜಾಗಾನ ಗ್ಯಾಸ್ ತಿನ್ನುತ್ತೆ, ಜೊತೆಗೆ ಗ್ಯಾಸ್ ಸಿಲಿಂಡರ್ ತೂಕ ಬೇರೆ, ಒಬ್ಬ ಮನುಷ್ಯನ್ನ ಯಾವಾಗ್ಲೂ ಹಿಂದೆ ಕೂರಿಸ್ಕೊಂಡಂಗೆ. ಫ್ಲೈಓವರ್ ಏರುವಾಗ ಎಸಿ ಇದ್ರೆ ಒಂದು ಗೇರ್ ಕೆಳಗೆ ಹಾಕ್ಬೇಕಾಗುತ್ತೆ.

ಬೆಳಿಗ್ಗೆ ಸ್ಟಾರ್ಟ್ ಆಗೋದು ಪೆಟ್ರೋಲಲ್ಲೇ. 200 ಬಾರ್ ಇಂದ ಗ್ಯಾಸ್ ಇಳಿಯುವಾಗ ಪ್ರೆಷರ್ ಇಳಿಸೋ ರೆಡ್ಯೂಸರ್ ಐಸ್ ತರ ತಣ್ಣಗಾಗುತ್ತೆ, ಅದಕ್ಕೆ ರೇಡಿಯೇಟರ್ ನೀರಿನ ಪೈಪ್ ಅದರೊಳಗೆ ಸುತ್ತಿಸಿರ್ತಾರೆ, ನೀರು ಬಿಸಿ ಆದ್ಮೇಲೆ ತಾನೇ ಗ್ಯಾಸ್‌ಗೆ ಬದಲಾಗುತ್ತೆ. ಹಂಗಂತ ಪೆಟ್ರೋಲ್ ಟ್ಯಾಂಕ್ ಒಣಗಿಸ್ಬೇಡಿ. ಫ್ಯೂಯೆಲ್ ಪಂಪ್ ಟ್ಯಾಂಕ್ ಒಳಗೇ ಇರೋದು, ಅದು ತಣ್ಣಗಿರೋದೇ ಪೆಟ್ರೋಲಿಂದ, ಗ್ಯಾಸಲ್ಲಿ ಓಡುವಾಗಲೂ ತುಂಬಾ ಗಾಡೀಲಿ ಪಂಪ್ ತಿರುಗ್ತಾನೇ ಇರುತ್ತೆ. ರಿಸರ್ವ್ ಲೈಟ್ ಹತ್ಕೊಂಡೇ ತಿಂಗಳುಗಟ್ಟಲೆ ಓಡ್ಸಿ ಪಂಪ್ ಸುಟ್ಕೊಂಡು ಬರೋ ಗಿರಾಕಿಗಳೇ ನಮಗೆ ಜಾಸ್ತಿ. ಕಾಲು ಟ್ಯಾಂಕ್ ಇಟ್ಕೊಳಿ, ದಿನಾ ನಾಕೈದು ಕಿಲೋಮೀಟರ್ ಪೆಟ್ರೋಲಲ್ಲಿ ಓಡ್ಸಿ. ಈಗ ಬರೋದೆಲ್ಲ ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿರೋ ಪೆಟ್ರೋಲ್, ಎಥನಾಲ್ ನೀರು ಎಳ್ಕೊಳುತ್ತೆ, ಒಂದೇ ಪೆಟ್ರೋಲ್ ಆರು ತಿಂಗಳು ಟ್ಯಾಂಕಲ್ಲಿ ಕೊಳೆಯೋಕೆ ಬಿಡೋದು ಒಳ್ಳೇದಲ್ಲ, ಅದರಲ್ಲೂ 2014ರ ಗಾಡಿ ರಬ್ಬರ್ ಪೈಪಿಗೆ.

ನೈಸ್‌ರೋಡ್_ಗಿರಾಕಿ:
@ಸ್ಪ್ಯಾನರ್_12 ಅಣ್ಣಾ ಇಷ್ಟು ಯಾರೂ ಹೇಳಿರ್ಲಿಲ್ಲ, ಥ್ಯಾಂಕ್ಸ್. 40 ಸಾವಿರದೋರಿಗೆ ಫೋನ್ ಮಾಡಿ ವೆಂಚುರಿನಾ ಅಂತ ಕೇಳ್ದೆ, ಎಲ್ಲಾ ಒಂದೇ ಸಾರ್ ಅಂದ್ರು. @ಹುಬ್ಳಿಯಾಂವ ಸರ್, ನಮ್ದು ಬೇಸ್‌ಮೆಂಟ್ ಪಾರ್ಕಿಂಗೇ, ಹೊರಗೆ ಜಾಗ ಇಲ್ಲ, ಹಂಗಾಗಿ ಎಲ್‌ಪಿಜಿ ಕಷ್ಟ ಅನ್ಸುತ್ತೆ. ಈಗ ಯಾರಾದ್ರೂ ಆ ನೀರಿನ ಕಿಟ್ ಬಗ್ಗೆ ಒಂದ್ ಮಾತು ಹೇಳಿ, ಭಾವಂಗೆ ಫಾರ್ವರ್ಡ್ ಮಾಡ್ಬೇಕು.

ಲೆಕ್ಕದ_ಮೇಷ್ಟ್ರು:
ಭಾವನವರಿಗೆ ನಮಸ್ಕಾರ ತಿಳಿಸಿ. ಆ ಕಿಟ್‌ನಲ್ಲಿ ನೀರಿಗೆ ಕರೆಂಟ್ ಕೊಟ್ಟು ಹೈಡ್ರೋಜನ್ನು ಆಕ್ಸಿಜನ್ನು ಬೇರೆ ಮಾಡಿ ಇಂಜಿನ್ನಿಗೆ ಬಿಡೋದು. ಆ ಕರೆಂಟ್ ಎಲ್ಲಿಂದ ಬರುತ್ತೆ? ಆಲ್ಟರ್ನೇಟರಿಂದ. ಆಲ್ಟರ್ನೇಟರ್ ತಿರುಗ್ಸೋದು ಯಾರು? ಅದೇ ಇಂಜಿನ್, ಅದೇ ಪೆಟ್ರೋಲ್ ಸುಟ್ಟು. ಪೆಟ್ರೋಲಿನ ಶಕ್ತೀಲಿ ಮುಕ್ಕಾಲು ಪಾಲು ಇಂಜಿನ್ನಲ್ಲೇ ಶಾಖ ಆಗಿ ಹೋಗುತ್ತೆ, ಆಮೇಲೆ ಆಲ್ಟರ್ನೇಟರಲ್ಲಿ ಒಂದಷ್ಟು, ನೀರು ಒಡೆಯೋದ್ರಲ್ಲಿ ಒಂದಷ್ಟು, ಕೊನೆಗೆ ಬಂದ ಚೂರು ಹೈಡ್ರೋಜನ್ನನ್ನ ವಾಪಸ್ ಅದೇ ಇಂಜಿನ್ನಿಗೆ ಕೊಟ್ರೆ ಮತ್ತೆ ಮುಕ್ಕಾಲು ಪಾಲು ಲಾಸ್. ನೀರು ಸುಟ್ಟು ಮುಗಿದಿರೋ ಪದಾರ್ಥ ಕಣ್ರೀ, ಅದರಲ್ಲಿ ಸುಡೋಕೆ ಏನೂ ಉಳಿದಿಲ್ಲ. ಹತ್ತು ಸಾವಿರಕ್ಕೆ ಮನೆಯೋರಿಗೆ ಸೀರೆ ಕೊಡ್ಸಿ, ಡಿಕ್ಕಿ ಜಗಳನಾದ್ರೂ ನಿಲ್ಲುತ್ತೆ.

ಸಿಎನ್‌ಜಿ ಲೆಕ್ಕ ನೋಡೋಣ. ಒಂದು ಕೆಜಿ ಸಿಎನ್‌ಜಿಲಿ ಹೆಚ್ಚುಕಮ್ಮಿ ಒಂದೂ ಕಾಲು ಒಂದೂವರೆ ಲೀಟರ್ ಪೆಟ್ರೋಲಿನಷ್ಟು ಶಕ್ತಿ ಇರುತ್ತೆ, ಹಂಗಾಗಿ 14 ಕೊಡೋ ಗಾಡಿ ಕೆಜಿಗೆ 19 ಕೊಡುತ್ತೆ ಅಂತ ಇಟ್ಕೊಳಿ. ಪೆಟ್ರೋಲಲ್ಲಿ ಕಿಲೋಮೀಟರ್‌ಗೆ 7 ರೂಪಾಯಿ 35 ಪೈಸೆ. ಸಿಎನ್‌ಜಿ ಕೆಜಿಗೆ 90 ಅಂತ ಹಿಡಿದ್ರೆ 4 ರೂಪಾಯಿ 75 ಪೈಸೆ. ಉಳಿಯೋದು 2 ರೂಪಾಯಿ 60 ಪೈಸೆ. 65 ಸಾವಿರ ವಾಪಸ್ ಬರೋಕೆ 25 ಸಾವಿರ ಕಿಲೋಮೀಟರ್ ಓಡ್ಬೇಕು, ಅಂದ್ರೆ ನಿಮಗೆ ಎರಡು ವರ್ಷದ ಮೇಲೆ. ಸಿಲಿಂಡರ್ ಟೆಸ್ಟು, ಗ್ಯಾಸ್ ಫಿಲ್ಟರು, ಇನ್ಶೂರೆನ್ಸ್ ಎಕ್ಸ್‌ಟ್ರಾ, ಬೆಳಿಗ್ಗೆ ಸ್ಟಾರ್ಟಿಂಗ್ ಪೆಟ್ರೋಲು ಎಲ್ಲಾ ಸೇರ್ಸಿದ್ರೆ ಎರಡೂವರೆ ಅನ್ನಿ. ಗಾಡಿಗೆ 15 ವರ್ಷ ಆಗೋದು 2029ಕ್ಕೆ, ಆಗ ರಿನ್ಯೂವಲ್‌ಗೆ ಬರೀ ಫೀಸೇ 5000, ಗ್ರೀನ್ ಟ್ಯಾಕ್ಸ್ ಬೇರೆ. ಅಲ್ಲೀವರೆಗೆ ಇಟ್ಕೊಂಡು ಆಮೇಲೂ ಓಡ್ಸ್ತೀರಿ ಅಂದ್ರೆ ಹಾಕ್ಸಿ. ಮುಂದಿನ ವರ್ಷ ಮಾರೋ ಯೋಚ್ನೆ ಮನಸ್ಸಿನ ಮೂಲೇಲಿದ್ರೂ ಬೇಡ, ಕಿಟ್‌ಗೆ ಕೊಟ್ಟ ದುಡ್ಡು ಮಾರುವಾಗ ಯಾರೂ ಕೊಡಲ್ಲ.

ಇವಿ_ಅಭಿಮಾನಿ:
ಇಷ್ಟೆಲ್ಲಾ ಯಾಕೆ, ಅದೇ ಗಾಡಿನ ಎಲೆಕ್ಟ್ರಿಕ್ ಮಾಡ್ಸಿ, ಈಗ ಕಿಟ್ ಬಂದಿದೆ.

ಯೆಲ್ಲೋಬೋರ್ಡ್:
@ಇವಿ_ಅಭಿಮಾನಿ ಬ್ಯಾಟ್ರಿ ಸಮೇತ ಲಕ್ಷಗಟ್ಟಲೆ ಆಗುತ್ತೆ ಬ್ರೋ, ಗಾಡಿ ಬೆಲೆಗಿಂತ ಜಾಸ್ತಿ. ಆ ದುಡ್ಡಿಗೆ ಸೆಕೆಂಡ್ಸಲ್ಲಿ ಕಂಪ್ನಿ ಸಿಎನ್‌ಜಿ ಗಾಡಿನೇ ಬರುತ್ತೆ.

ಕ್ಲೇಮ್‌ಫೈಲ್:
ಇನ್ಶೂರೆನ್ಸ್ ಕಡೆಯವನು. ಎಲ್ರೂ ಕಿಟ್, ಬಂಕ್, ಮೈಲೇಜ್ ಅಂತಿದೀರಿ, ಆರ್‌ಸಿ ಬಗ್ಗೆ ಯಾರೂ ಎತ್ಲಿಲ್ಲ, ಅದಕ್ಕೆ ಬರೀತಿದೀನಿ. ಪೆಟ್ರೋಲ್ ಅಂತ ಇರೋ ಆರ್‌ಸಿ ಇಟ್ಕೊಂಡು ಗ್ಯಾಸಲ್ಲಿ ಓಡ್ಸೋ ಗಾಡಿಗಳು ಈ ಊರಲ್ಲಿ ಬೇಕಾದಷ್ಟಿವೆ. ಆಕ್ಸಿಡೆಂಟ್ ಆಗೋವರೆಗೆ ಎಲ್ಲಾ ಚೆನ್ನಾಗಿರುತ್ತೆ. ಆದ್ಮೇಲೆ ಸರ್ವೇಯರ್ ಬಂದು ಡಿಕ್ಕಿ ತೆಗೀತಾನೆ, ಸಿಲಿಂಡರ್ ಫೋಟೋ ಹೊಡೀತಾನೆ, ಆರ್‌ಸಿ ನೋಡ್ತಾನೆ, ಅಲ್ಲಿಂದ ನಿಮ್ ಕಷ್ಟ ಶುರು. ಅದರಲ್ಲೂ ಬೆಂಕಿ ಕೇಸ್ ಆದ್ರೆ ಕ್ಲೇಮ್ ಮರ್ತುಬಿಡಿ.

ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರಲ್ಲಿ ಇದು ಬರುತ್ತೆ, ಗಾಡಿ ಬದಲಾವಣೆ ಮಾಡಿದ್ರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿಲಿ ಬರೆಸ್ಬೇಕು. ಕಿಟ್‌ಗೆ ಎಆರ್‌ಎಐ ಅಥವಾ ಐಕ್ಯಾಟ್ ಅಂಥ ಟೆಸ್ಟಿಂಗ್ ಏಜೆನ್ಸಿ ಅಪ್ರೂವಲ್ ಇರ್ಬೇಕು, ಅದೂ ನಿಮ್ಮ ಗಾಡಿಗೆ ಅನ್ವಯಿಸೋ ಅಪ್ರೂವಲ್, ಸುಮ್ನೆ ಬ್ರೋಷರ್ ಮೇಲೆ ಅಪ್ರೂವ್ಡ್ ಅಂತ ಮುದ್ರೆ ಇದ್ರೆ ಸಾಲದು. ಅದರ ಕಾಪಿ, ಕೂರಿಸಿದವರ ಸರ್ಟಿಫಿಕೇಟ್, ಸಿಲಿಂಡರ್ ಟೆಸ್ಟ್ ಸರ್ಟಿಫಿಕೇಟ್, ಜಿಎಸ್‌ಟಿ ಬಿಲ್ ಎಲ್ಲಾ ಇಸ್ಕೊಳಿ. ಗಾಡಿ ಮೇಲೆ ಲೋನ್ ಇದ್ರೆ ಬ್ಯಾಂಕ್ ಎನ್‌ಒಸಿ ಬೇಕು, ನಿಮ್ದು 2014 ಆದ್ದರಿಂದ ಲೋನ್ ಮುಗಿದಿರುತ್ತೆ, ಆದ್ರೆ ಎಷ್ಟೋ ಜನ ಲೋನ್ ತೀರಿಸಿ ಆರ್‌ಸಿಲಿ ಬ್ಯಾಂಕ್ ಹೆಸರು ತೆಗೆಸಿರೋದೇ ಇಲ್ಲ, ಅದೊಂದು ನೋಡ್ಕೊಳಿ. ಓದೋರಲ್ಲಿ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿ ಇರೋರಿಗೆ ಒಂದು ವಿಷ್ಯ, ಮೊದಲು ಅವಕ್ಕೆ ಹೊರಗಡೆ ಕಿಟ್‌ಗೆ ಅನುಮತಿ ಇರ್ಲಿಲ್ಲ, 2022ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೂರೂವರೆ ಟನ್ ಒಳಗಿನ ಗಾಡಿಗಳಿಗೆ ಅವಕಾಶ ಕೊಟ್ಟಿದೆ. ವಾರಂಟಿ ಒಳಗಿರೋ ಗಾಡಿ ಆದ್ರೆ ವಾರಂಟಿ ಕಥೆ ಏನಾಗುತ್ತೆ ಅಂತ ಶೋರೂಮಲ್ಲಿ ಬರಹದಲ್ಲಿ ಕೇಳಿ.

ಆರ್‌ಸಿ ಆದ್ಮೇಲೆ ಪಾಲಿಸಿಲೂ ಎಂಡಾರ್ಸ್ ಮಾಡ್ಸಿ, ಅಂದ್ರೆ ಕಿಟ್ ಇದೆ ಅಂತ ಸೇರಿಸಿ ಬರೆಸಿ, ಐಎಂಟಿ 25 ಅಂತಾರೆ ಅದನ್ನ. ಕಿಟ್ ಬೆಲೆ ಮೇಲೆ 4 ಪರ್ಸೆಂಟ್ ಎಕ್ಸ್‌ಟ್ರಾ ಪ್ರೀಮಿಯಂ, ಥರ್ಡ್ ಪಾರ್ಟಿಗೆ 60 ರೂಪಾಯಿ. 65 ಸಾವಿರಕ್ಕೆ 2600 ಆಯ್ತು. ಇದನ್ನ ಉಳಿಸೋಕೆ ಹೋಗಿ ಲಕ್ಷಗಟ್ಟಲೆ ಕ್ಲೇಮ್ ಕಳ್ಕೊಂಡೋರ ಫೈಲ್ ನನ್ನ ಟೇಬಲ್ ಮೇಲೇ ಇದೆ. ಮೂರು ವರ್ಷಕ್ಕೊಂದ್ಸಲ ಸಿಲಿಂಡರ್ ಹೈಡ್ರೋ ಟೆಸ್ಟ್ (ನೀರು ತುಂಬಿ ಪ್ರೆಷರ್ ಕೊಟ್ಟು ನೋಡೋದು) ಕಡ್ಡಾಯ, ಡೇಟ್ ಮೀರಿದ್ರೆ ಬಂಕಲ್ಲಿ ಗ್ಯಾಸ್ ಹಾಕಲ್ಲ ಅಂತಾರೆ, ಹಾಕಿದ್ರೂ ನಮ್ ಕಡೆ ಅದೊಂದು ಪಾಯಿಂಟ್ ಆಗುತ್ತೆ.

ನೈಸ್‌ರೋಡ್_ಗಿರಾಕಿ:
ಆರ್‌ಸಿ ವಿಷ್ಯ ನಿಜವಾಗ್ಲೂ ತಲೇಲೇ ಇರ್ಲಿಲ್ಲ ಸರ್. ಈಗಷ್ಟೇ ತೆಗ್ದು ನೋಡ್ದೆ, ಬ್ಯಾಂಕ್ ಹೆಸರು ಹಂಗೇ ಕೂತಿದೆ 🤦 ಮೊದ್ಲು ಅದನ್ನ ತೆಗಿಸ್ಬೇಕು. 65 ಸಾವಿರದೋರ ಹತ್ರ ಅಪ್ರೂವಲ್ ಕಾಪಿ ಕೇಳಿದೀನಿ, ಶನಿವಾರ ಬನ್ನಿ ತೋರಿಸ್ತೀವಿ ಅಂದಿದಾರೆ. ಆರ್‌ಟಿಒ ಕೆಲಸ ಅವರೇ ಮಾಡ್ಸ್ಕೊಡ್ತಾರಂತೆ, ಪೂರ್ತಿ ದುಡ್ಡು ಮುಂಚೆ ಕೊಡ್ಬೇಕಂತೆ. ಊರಿಗೆ ಹೋಗುವಾಗ ನೆಲಮಂಗಲ ದಾಟಿದ್ಮೇಲೆ ಗ್ಯಾಸ್ ಸಿಗದೇ ಇದ್ರೆ ಪೆಟ್ರೋಲಲ್ಲೇ ಹೋಗ್ತೀನಿ, ಅದೇನ್ ದೊಡ್ಡ ವಿಷ್ಯ ಅಲ್ಲ. ಭಾವ ಮೇಷ್ಟ್ರ ಮೆಸೇಜ್ ಓದಿ ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ.

ಸ್ಪ್ಯಾನರ್_12:
ಪೂರ್ತಿ ದುಡ್ಡು ಮುಂಚೆ ಬೇಡ. ಹತ್ತು ಸಾವಿರನಾದ್ರೂ ಕೈಯಲ್ಲಿಟ್ಕೊಳಿ, ಆರ್‌ಸಿ ಕೈಗೆ ಬಂದ್ಮೇಲೆ ಕೊಡ್ತೀನಿ ಅನ್ನಿ, ಇಲ್ಲಾಂದ್ರೆ ನಾಳೆ ಬನ್ನಿ ನಾಡಿದ್ದು ಬನ್ನಿ ಅಂತ ಓಡಾಡಿಸ್ತಾರೆ. ಸಿಲಿಂಡರ್ ಮೇಲೆ ಕೊರೆದಿರೋ ನಂಬರು, ಬಿಲ್ಲಲ್ಲಿರೋ ನಂಬರು, ಸರ್ಟಿಫಿಕೇಟಲ್ಲಿರೋ ನಂಬರು ಮೂರೂ ಒಂದೇನಾ ಅಂತ ಕೂರ್ಸೋಕ್ ಮುಂಚೆ ಟಾರ್ಚ್ ಬಿಟ್ಟು ನೋಡಿ, ಡಿಕ್ಕಿಲಿ ಕೂತ್ಮೇಲೆ ನಂಬರ್ ಆ ಕಡೆ ತಿರುಗ್ಕೊಂಡಿರುತ್ತೆ, ಕಾಣಲ್ಲ. ಗಾಡಿ ಕೊಡುವಾಗ ಅವರ ಎದುರಿಗೇ ಜಾಯಿಂಟ್‌ಗೆಲ್ಲ ಸೋಪ್ ನೀರು ಹಾಕ್ಸಿ ನೋಡಿ. ಲ್ಯಾಪ್‌ಟಾಪ್ ಇಟ್ಕೊಂಡು ಟ್ಯೂನ್ ಮಾಡ್ತಾರಲ್ಲ, ನಿಂತಲ್ಲೇ ಮಾಡಿ ಆಯ್ತು ಅಂದ್ರೆ ಒಪ್ಬೇಡಿ, ಪಕ್ಕದಲ್ಲಿ ಕೂರಿಸ್ಕೊಂಡು ಎಸಿ ಹಾಕಿ ಒಂದು ಏರಿರೋ ರಸ್ತೇಲಿ ಮೂರನೇ ಗೇರಲ್ಲಿ ಓಡ್ಸಿ ತೋರ್ಸಿ. ಸಾವಿರ ಕಿಲೋಮೀಟರ್ ಆದ್ಮೇಲೆ ಮತ್ತೊಂದ್ಸಲ ಟ್ಯೂನಿಂಗ್ ಫ್ರೀನಾ ಅಂತಾನೂ ಕೇಳ್ಕೊಳಿ.